ಕ್ರೋಧಜಯ: ಶ್ರೀನೃಸಿಂಹ ಜಯಂತಿಯ ಚಿಂತನೆ

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥

ವೈಶಾಖ ಶುದ್ಧ ಚತುರ್ದಶಿಯು ಶ್ರೀನೃಸಿಂಹದೇವರ ಪ್ರಾದುರ್ಭಾವದ ಪುಣ್ಯದಿನ. ಅಂದು ಹಗಲು ಉಪವಾಸವಿದ್ದು, ಸಾಯಂಸಂಧ್ಯೆಯಲ್ಲಿ ಭಗವಂತನನ್ನು ಪೂಜಿಸಿ, ಪಾನಕ ಕೋಸಂಬರಿಗಳನ್ನು ನಿವೇದಿಸಿ, ಪ್ರಹ್ಲಾದಚರಿತ್ರೆಯನ್ನು ಶ್ರವಣ ಮಾಡುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ತೂಬಗೆರೆ ಹೋಬಳಿಯ ಸಜ್ಜನರಿಗೆ ಈ ದಿನದಲ್ಲಿ ಇನ್ನೊಂದು ಭಾಗ್ಯವೂ ಉಂಟು. ಘಾಟಿ ಸುಬ್ರಹ್ಮಣ್ಯ ಕ್ಷೇತ್ರವು ನಮ್ಮ ಹೋಬಳಿಯಲ್ಲಿಯೇ ಇರುವುದು. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾಗಿ ಏಳು ಹೆಡೆಯ ಸರ್ಪದೊಡನೆ ಸುಬ್ರಹ್ಮಣ್ಯನೂ, ಪಶ್ಚಿಮಾಭಿಮುಖನಾಗಿ ಶ್ರೀನರಸಿಂಹನೂ ನೆಲೆಸಿರುವರು. ಎದುರಿಗೆ ನಿಂತವರಿಗೆ ಹಿಂಬದಿಯ ನರಸಿಂಹನ ದರ್ಶನವು ನೇರವಾಗಿ ಆಗದು. ಅದಕ್ಕೆಂದೇ ಗರ್ಭಗುಡಿಯಲ್ಲಿ ವಿಗ್ರಹದ ಹಿಂದೆ ದೊಡ್ಡ ಕನ್ನಡಿಯೊಂದನ್ನು ಇರಿಸಿದ್ದಾರೆ. ಆ ಕನ್ನಡಿಯಲ್ಲಿ ನಾವು ಸ್ವಾಮಿಯನ್ನು ಕಾಣುತ್ತೇವೆ.

ಎದುರಿಗಿರುವುದು ಕಣ್ಣಿಗೆ ಬೀಳುತ್ತದೆ. ಹಿಂದಿರುವುದನ್ನು ನೋಡಲು ಕನ್ನಡಿ ಬೇಕು. ನಮ್ಮ ಕೋಪದ ವಿಷಯದಲ್ಲಿಯೂ ಇದು ಹೀಗೆಯೇ ಇದೆ. ಪರರ ತಪ್ಪು ನಮಗೆ ಎದುರಿಗಿರುತ್ತದೆ, ನಮ್ಮ ಕೋಪ ಮಾತ್ರ ಬೆನ್ನ ಹಿಂದಿರುತ್ತದೆ. ಆ ಕೋಪವನ್ನು ಅರಿಯುವುದು ಹೇಗೆ, ಅದನ್ನು ಅಂಕೆಯಲ್ಲಿಡಲು ಶಾಸ್ತ್ರವೂ ಇಂದಿನ ಮನೋವೈದ್ಯವೂ ಯಾವ ರೀತಿಯಲ್ಲಿ ನೆರವಾಗುತ್ತವೆ ಎಂಬುದನ್ನು ಈ ಸಂದರ್ಭದಲ್ಲಿ ವಿಚಾರ ಮಾಡೋಣ.

ಕ್ರೋಧವು ಬರುವ ದಾರಿ

ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು ಕ್ರೋಧದ ಹುಟ್ಟನ್ನೂ ಅದರ ಫಲವನ್ನೂ ಒಂದು ಸರಪಳಿಯಂತೆ ತೋರಿಸಿಕೊಟ್ಟಿದ್ದಾನೆ. ವಿಷಯವನ್ನು ಮತ್ತೆ ಮತ್ತೆ ಚಿಂತಿಸುವುದರಿಂದ ಅದರಲ್ಲಿ ಅಂಟು ಉಂಟಾಗುತ್ತದೆ, ಅಂಟಿನಿಂದ ಬಯಕೆ, ಬಯಕೆಗೆ ತಡೆ ಬಂದಾಗ ಕ್ರೋಧ, ಕ್ರೋಧದಿಂದ ಮೋಹ, ಮೋಹದಿಂದ ನೆನಪಿನ ಕೇಡು, ಅದರಿಂದ ಬುದ್ಧಿಯ ನಾಶ, ಕೊನೆಗೆ ಮನುಷ್ಯನೇ ಹಾಳಾಗುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕ್ರೋಧವು ಈ ಸರಪಳಿಯ ಮೊದಲ ಕೊಂಡಿಯಲ್ಲ, ನಡುವಿನ ಕೊಂಡಿ. ಹಾಗಾಗಿ ಕೋಪ ಬಂದ ಮೇಲೆ ಹಲ್ಲು ಕಚ್ಚಿ ಹಿಡಿಯುವುದೊಂದೇ ಉಪಾಯವಲ್ಲ. ಅದಕ್ಕೂ ಹಿಂದಿನ ಕೊಂಡಿಗಳಲ್ಲಿ ಎಲ್ಲಿಯಾದರೂ ಸರಪಳಿಯನ್ನು ಬಿಡಿಸಲು ಅವಕಾಶವಿದೆ.

“ನನ್ನ ಸ್ವಭಾವವೇ ಹೀಗೆ, ನಾನು ಮುಂಗೋಪಿ, ನಮ್ಮ ತಂದೆಯವರೂ ಹಾಗೆಯೇ ಇದ್ದರು” ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಲವರು ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ನಮ್ಮ ಸಿದ್ಧಾಂತವನ್ನು ಬಲ್ಲವರು ಈ ಮಾತನ್ನು ಒಪ್ಪುವಂತಿಲ್ಲ. ಕ್ರೋಧವು ರಜೋಗುಣದಿಂದ ಹುಟ್ಟಿದ್ದೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನೇ ಅಪ್ಪಣೆ ಕೊಡಿಸಿದ್ದಾನೆ. ಸಾತ್ವಿಕ ಜೀವನ ಸ್ವರೂಪವು ಜ್ಞಾನಾನಂದಮಯವಾದದ್ದು. ಗುಣಗಳಿಂದ ಬಂದ ಕೋಪವು ಅದಕ್ಕೆ ಕವಿದ ಮುಸುಕೇ ಹೊರತು ಅದರ ಸ್ವರೂಪವಲ್ಲ. ಮುಸುಕನ್ನೇ ಮುಖವೆಂದು ತಿಳಿಯುವುದು ಅಜ್ಞಾನ. ತಂದೆಯಿಂದ ಕಲಿತ ಕೋಪವೂ ಕಲಿತದ್ದೇ. ಕಲಿತದ್ದನ್ನು ಬಿಡಲು ಬರುತ್ತದೆ.

ಪುರಾಣಗಳು ತೋರಿಸುವ ಎರಡು ಚಿತ್ರಗಳು

ಭಾಗವತದ ಮೊದಲನೆಯ ಸ್ಕಂಧದಲ್ಲಿ ಪರೀಕ್ಷಿತರಾಜನ ಕಥೆ ಬರುತ್ತದೆ. ಬೇಟೆಯಿಂದ ದಣಿದು, ಹಸಿವು ಬಾಯಾರಿಕೆಗಳಿಂದ ಬಳಲಿ ಅವನು ಶಮೀಕಮುನಿಯ ಆಶ್ರಮಕ್ಕೆ ಬಂದು ನೀರು ಬೇಡಿದನು. ಮುನಿಯು ಧ್ಯಾನದಲ್ಲಿದ್ದನು, ಉತ್ತರ ಬರಲಿಲ್ಲ. ತನ್ನನ್ನು ಅವಮಾನ ಮಾಡಿದನೆಂದು ರಾಜನು ಭಾವಿಸಿ, ಸತ್ತ ಹಾವೊಂದನ್ನು ಮುನಿಯ ಕೊರಳಿಗೆ ಹಾಕಿ ಹೊರಟುಹೋದನು. ಧರ್ಮಾತ್ಮನಾದ ಆ ರಾಜನಿಗೆ ಅಂಥ ಕೋಪವು ಅದಕ್ಕೆ ಮೊದಲು ಬಂದುದಿಲ್ಲವೆಂದು ಭಾಗವತವೇ ಹೇಳುತ್ತದೆ. ಮುನಿಕುಮಾರನಾದ ಶೃಂಗಿಯು ಇದನ್ನು ಕೇಳಿ, ಏಳನೆಯ ದಿನ ತಕ್ಷಕನು ಕಚ್ಚಲೆಂದು ಶಾಪವಿತ್ತನು. ಎಚ್ಚೆತ್ತ ಶಮೀಕನು ಸಂತೋಷಪಡಲಿಲ್ಲ. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡವನ್ನು ವಿಧಿಸಿದೆಯಲ್ಲಾ ಎಂದು ಮಗನಿಗಾಗಿ ಮರುಗಿದನು.

ಈ ಕಥೆಯಲ್ಲಿ ಕೋಪದ ಲಕ್ಷಣಗಳೆಲ್ಲವೂ ಇವೆ. ದಣಿವು, ಹಸಿವು, ಬಾಯಾರಿಕೆಗಳು ಮೊದಲೇ ನೆಲವನ್ನು ಹದಮಾಡಿದ್ದವು. ಮುನಿಯ ಮೌನವನ್ನು ಅವಮಾನವೆಂದು ಅರ್ಥಮಾಡಿಕೊಂಡದ್ದು ಬೀಜವಾಯಿತು. ಮುನಿಗೆ ರಾಜನು ಬಂದುದೇ ತಿಳಿದಿರಲಿಲ್ಲ. ಅವಮಾನವೆಂಬುದು ರಾಜನ ಊಹೆಯಲ್ಲಿ ಮಾತ್ರ ಇದ್ದಿತು. ಶೃಂಗಿಯ ಕೋಪಕ್ಕೆ ನಿಜವಾದ ಕಾರಣವಿದ್ದರೂ ಅದರ ಅಳತೆ ಮೀರಿತು. ಕಾರಣವಿಲ್ಲದ ಕೋಪ, ಕಾರಣವಿದ್ದೂ ಅಳತೆ ಮೀರಿದ ಕೋಪ, ಇವೆರಡೂ ಒಂದೇ ದಿನದಲ್ಲಿ ಎರಡು ಮನೆಗಳಿಗೆ ದುಃಖವನ್ನು ತಂದವು.

ಎರಡನೆಯ ಚಿತ್ರವು ಹಿರಣ್ಯಕಶಿಪುವಿನದು. ಅವನ ಕೋಪದ ಬುಡದಲ್ಲಿದ್ದುದು ತಮ್ಮನಾದ ಹಿರಣ್ಯಾಕ್ಷನ ಮರಣದ ಶೋಕ. ಆ ಶೋಕವು ದ್ವೇಷವಾಗಿ, ದ್ವೇಷವು ಕ್ರೋಧವಾಗಿ, ಕಡೆಗೆ ಐದು ವರ್ಷದ ಸ್ವಂತ ಮಗನ ಮೇಲೆ ಸುರಿಯಿತು. ತನ್ನ ಮಾತಿಗೆ ಎದುರು ನಡೆಯುವ ಮಗುವನ್ನು ತಿದ್ದಬೇಕೆಂದು ಶಂಡಾಮರ್ಕರಿಗೆ ಒಪ್ಪಿಸಿದನೇ ಹೊರತು, ತಿದ್ದಬೇಕಾದದ್ದು ತನ್ನನ್ನೆಂಬ ಅರಿವು ಅವನಿಗೆ ಒಮ್ಮೆಯೂ ಬರಲಿಲ್ಲ. ಮನೆಯಲ್ಲಿ ಗುಡುಗುವ ಯಜಮಾನನು ತನ್ನ ಕೋಪವನ್ನು ನರಸಿಂಹನ ಕೋಪವೆಂದು ತಿಳಿಯುವುದುಂಟು. ಭಗವಂತನು ಸರ್ವದೋಷದೂರನು. ಅವನ ಕ್ರೋಧವು ಭಕ್ತರಕ್ಷಣೆಯ ಲೀಲೆ. ಆ ಉಗ್ರರೂಪದ ಮುಂದೆ ಬಾಲಕ ಪ್ರಹ್ಲಾದನು ನಿರ್ಭಯನಾಗಿ ಬಂದು ನಮಸ್ಕರಿಸಿದಾಗ ಸ್ವಾಮಿಯು ಅವನ ತಲೆಯ ಮೇಲೆ ಅಭಯಹಸ್ತವನ್ನಿಟ್ಟನು. ಯಾವ ಕೋಪದ ಮುಂದೆ ಮಗುವು ಹತ್ತಿರ ಬರಬಲ್ಲದೋ ಅದು ನರಸಿಂಹನದು. ಯಾವ ಕೋಪವನ್ನು ಕಂಡು ಮಗುವು ಕಂಬದ ಮರೆಗೆ ಸರಿಯುವುದೋ ಅದು ಕಂಬವನ್ನು ಗುದ್ದಿದವನದು. ನಮ್ಮ ಮನೆಯ ಹಿರಿಯರು ಅಸುರರಲ್ಲ, ಸಾಧುಗಳೇ ಆಗಿದ್ದಾರೆ. ಆದರೆ ಕೋಪದ ಆ ಗಳಿಗೆಯಲ್ಲಿ ತಾವು ಯಾರ ಸ್ಥಾನದಲ್ಲಿ ನಿಂತಿದ್ದೇವೆ ಎಂಬುದನ್ನು ಅವರು ಯೋಚಿಸಬೇಕು.

“ಭೀಮಸೇನದೇವರಿಗೆ ಕೋಪವಿರಲಿಲ್ಲವೆ?” ಎಂದು ಕೇಳುವವರುಂಟು. ಇತ್ತು, ಅದು ಧರ್ಮಕ್ಕೆ ಅಧೀನವಾಗಿತ್ತು. ವಿರಾಟನ ಸಭೆಯಲ್ಲಿ ಕೀಚಕನು ದ್ರೌಪದಿಯನ್ನು ಒದ್ದಾಗ ಭೀಮಸೇನನು ಅಲ್ಲಿಯೇ ಇದ್ದು, ಧರ್ಮರಾಜನ ಸನ್ನೆಗೆ ಒಳಗಾಗಿ ತಡೆದುಕೊಂಡನು. ಸಮಯ ಬಂದಾಗ, ಅಪರಾಧಿಗೆ ಮಾತ್ರ, ಮಾಡಬೇಕಾದುದನ್ನು ಮಾಡಿದನು. ದುರ್ಬಲರನ್ನು ರಕ್ಷಿಸಲು ಬಲಿಷ್ಠರ ಮೇಲೆ ತಿರುಗಿದ ಕೋಪ ಅದು. ನಮ್ಮ ಕೋಪವು ಕಚೇರಿಯ ಮೇಲಧಿಕಾರಿಯ ಮುಂದೆ ತಾನಾಗಿ ಅಡಗಿ, ಮನೆಗೆ ಬಂದು ಹೆಂಡತಿ ಮಕ್ಕಳ ಮುಂದೆ ಹೆಡೆಯೆತ್ತುತ್ತದೆ. ಇದಕ್ಕೆ ಭೀಮಸೇನನ ಹೆಸರನ್ನು ಹೇಳುವುದು ಅಪಚಾರವಾದೀತು. ಒಂದು ಕಡೆ ಅಡಗಬಲ್ಲ ಕೋಪವು ಇನ್ನೊಂದು ಕಡೆಯೂ ಅಡಗಬಲ್ಲದೆಂಬ ಭರವಸೆಯೂ ಇದರಲ್ಲಿಯೇ ಇದೆ.

ಮಡಿ ಮತ್ತು ಕೋಪ

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಕೋಪವು ಅನೇಕ ವೇಳೆ ಆಚಾರದ ವೇಷದಲ್ಲಿ ಬರುತ್ತದೆ. ಮಡಿಯಲ್ಲಿರುವಾಗ ಮಗು ಮುಟ್ಟಿತೆಂದು, ಹಸ್ತೋದಕಕ್ಕೆ ತಡವಾಯಿತೆಂದು, ಶ್ರಾದ್ಧದ ಅಡಿಗೆಯಲ್ಲಿ ಲೋಪವಾಯಿತೆಂದು ಮನೆಯೇ ನಡುಗುವಂತೆ ಕೂಗಾಡುವುದುಂಟು. ಮಡಿಯು ಭಗವಂತನ ಪೂಜೆಗೆ ಅಂಗವಾದುದು. ಬಟ್ಟೆ ಮೈಲಿಗೆಯಾದರೆ ಇನ್ನೊಂದನ್ನು ಉಟ್ಟು ಬರಬಹುದು. ಕ್ರೋಧದಿಂದ ಕಲುಷಿತವಾದ ಮನಸ್ಸನ್ನು ಹೊತ್ತು ದೇವರ ಮುಂದೆ ಕುಳಿತರೆ ಆ ಮೈಲಿಗೆಯನ್ನು ತೊಳೆಯುವುದು ಹೇಗೆ? ಪೂಜೆಯ ಹೊತ್ತಿನಲ್ಲಿ ಬೈಗುಳವನ್ನೇ ಕೇಳಿ ಬೆಳೆದ ಮಕ್ಕಳಿಗೆ ಪೂಜೆಯೆಂದರೆ ಭಯವೆಂದೇ ಅರ್ಥವಾಗುತ್ತದೆ. ದೊಡ್ಡವರಾದ ಮೇಲೆ ಅವರು ದೇವರ ಮನೆಯಿಂದ ದೂರವಾದರೆ, ಕಾಲವು ಕೆಟ್ಟಿತೆಂದು ಹೇಳಿ ನಾವು ತಪ್ಪಿಸಿಕೊಳ್ಳಲಾಗದು.

ಚಿಕಿತ್ಸೆಯ ವಿಚಾರ

ಕೋಪಕ್ಕೆ ಚಿಕಿತ್ಸೆ ಎಂಬ ಮಾತು ನಮಗೆ ಹೊಸದಲ್ಲ. ಚರಕಸಂಹಿತೆಯು ತಡೆಯಬಾರದ ವೇಗಗಳನ್ನೂ ತಡೆಯಲೇಬೇಕಾದ ವೇಗಗಳನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು ಮೊದಲಾದವು ತಡೆಯಬಾರದವು; ಲೋಭ, ಶೋಕ, ಭಯ, ಕ್ರೋಧ ಮೊದಲಾದವು ತಡೆಯಬೇಕಾದವು. ಅದೇ ಗ್ರಂಥವು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ವಿಧವಾಗಿ ವಿಂಗಡಿಸಿದೆ. ಮಂತ್ರ, ಹೋಮ, ನಿಯಮಗಳು ಮೊದಲನೆಯದು. ಆಹಾರ ಔಷಧಗಳು ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆದು ನಿಲ್ಲಿಸುವುದು ಮೂರನೆಯದು. ಒಂದನ್ನು ಮಾಡಿದವರು ಇನ್ನೊಂದನ್ನು ಬಿಡಬೇಕೆಂದು ಅಲ್ಲಿ ಹೇಳಿಲ್ಲ.

ಇಂದಿನ ಮನಶ್ಶಾಸ್ತ್ರಜ್ಞರು ಮಾಡುವ ಕೋಪದ ಚಿಕಿತ್ಸೆಯು ಈ ಮೂರನೆಯ ವಿಧಕ್ಕೆ ಬಹಳ ಸಮೀಪವಾದುದು. ಅಮೆರಿಕದ ರೇಮಂಡ್ ನೊವಾಕೊ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಕೋಪನಿಯಂತ್ರಣವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದಂದಿನಿಂದ ಇದಕ್ಕೆ ಒಂದು ಕ್ರಮವಾದ ರೂಪ ಬಂದಿದೆ. ಮೊದಲು ತನ್ನ ಕೋಪವನ್ನು ತಾನು ಅರಿಯುವುದು. ಬಳಿಕ ಅದನ್ನು ತಗ್ಗಿಸುವ ಉಪಾಯಗಳನ್ನು ಕಲಿಯುವುದು. ಕಡೆಗೆ ಕೋಪ ಬರಿಸುವ ಸಂದರ್ಭಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಹಂತಹಂತವಾಗಿ ಎದುರಿಸಿ ಅಭ್ಯಾಸ ಮಾಡುವುದು.

ಚಿಕಿತ್ಸಕರ ಬಳಿಗೆ ಹೋದರೆ ಏನಾಗುವುದೆಂಬ ಅಂಜಿಕೆ ಅನೇಕರಿಗೆ ಇದೆ. ಅಲ್ಲಿ ನಡೆಯುವುದು ಬಹುಪಾಲು ಮಾತುಕತೆಯೇ. ಕೋಪ ಬಂದಾಗಲೆಲ್ಲ ಒಂದು ಪುಸ್ತಕದಲ್ಲಿ ಐದು ವಿಷಯಗಳನ್ನು ಬರೆದಿಡಲು ಅವರು ಹೇಳಬಹುದು: ಏನು ನಡೆಯಿತು, ಮನಸ್ಸಿಗೆ ಏನು ತೋರಿತು, ದೇಹದಲ್ಲಿ ಏನಾಯಿತು, ನಾನು ಏನು ಮಾಡಿದೆ, ಆಮೇಲೆ ಏನಾಯಿತು. ಒಂದು ಉದಾಹರಣೆಯನ್ನು ನೋಡೋಣ. ನೈವೇದ್ಯಕ್ಕೆ ತಡವಾಯಿತು, ಇದು ನಡೆದದ್ದು. “ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ,” ಇದು ತೋರಿದ್ದು. ಎದೆಬಡಿತ ಹೆಚ್ಚಿತು, ದವಡೆ ಬಿಗಿಯಿತು, ಉಸಿರು ಮೇಲೆ ಬಂತು. ಸೊಸೆಯನ್ನು ಎಲ್ಲರೆದುರು ಹೀಯಾಳಿಸಿದ್ದಾಯಿತು. ಎಲ್ಲರೂ ತಲೆ ತಗ್ಗಿಸಿಕೊಂಡು ಉಂಡೆದ್ದರು. ಮಗನು ಮುಂದಿನ ಹಬ್ಬಕ್ಕೆ ಊರಿಗೆ ಬರಲಿಲ್ಲ. ಹೀಗೆ ಬರೆದ ಮೇಲೆ ಚಿಕಿತ್ಸಕರು ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ: ತಡವಾದುದಕ್ಕೆ ಬೇರೆ ಕಾರಣವಿರಬಹುದೆ? ವಿಚಾರಿಸಿದರೆ, ಜ್ವರ ಬಂದ ಮಗುವಿನೊಡನೆ ಅವಳು ರಾತ್ರಿಯಿಡೀ ಎದ್ದಿದ್ದಳೆಂದು ತಿಳಿಯುತ್ತದೆ. ಪರೀಕ್ಷಿತನಿಗೆ ಮುನಿಯ ಮೌನವು ಅವಮಾನವಾಗಿ ತೋರಿದಂತೆ ಇಲ್ಲಿಯೂ ಆಯಿತು. ಗೀತೆಯ ಸರಪಳಿಯನ್ನು ತನ್ನ ಕೈಬರಹದಲ್ಲಿ ತಾನೇ ಓದಿದಂತಾಗುವುದರಿಂದ ಈ ಅಭ್ಯಾಸಕ್ಕೆ ಬಲವಿದೆ. ನಮ್ಮ ಹಿಂಬದಿಯನ್ನು ತೋರಿಸುವ ಕನ್ನಡಿ ಇದೇ.

ಜೊತೆಗೆ ಉಸಿರನ್ನು ನಿಧಾನಗೊಳಿಸುವುದು, ಬಿಗಿದ ಮಾಂಸಖಂಡಗಳನ್ನು ಸಡಿಲಿಸುವುದು, ಕೋಪದ ಮೊದಲ ಸುಳಿವು ಕಂಡೊಡನೆ “ಸ್ವಲ್ಪ ಹೊತ್ತಿನ ಮೇಲೆ ಮಾತನಾಡೋಣ” ಎಂದು ಹೇಳಿ ಅಲ್ಲಿಂದ ಎದ್ದುಹೋಗುವುದು, ತಣ್ಣಗಾದ ಮೇಲೆ ಬಂದು ತನಗಾದ ನೋವನ್ನು ನಿಂದೆಯಿಲ್ಲದೆ ಹೇಳುವುದು, ಇವುಗಳನ್ನು ಕಲಿಸುತ್ತಾರೆ. ಕೋಪವನ್ನು ಕೂಗಾಡಿ ಹೊರಹಾಕಿದರೆ ಮನಸ್ಸು ಹಗುರವಾಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ನಿಜವಲ್ಲವೆಂದು ಈಗ ಸ್ಪಷ್ಟವಾಗಿದೆ. ಒಟ್ಟು 154 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದರಲ್ಲಿ, ದೇಹದ ಉದ್ವೇಗವನ್ನು ತಗ್ಗಿಸುವ ದೀರ್ಘಶ್ವಾಸ, ಧ್ಯಾನ ಮೊದಲಾದವು ಕೋಪವನ್ನು ಕಡಿಮೆ ಮಾಡುತ್ತವೆಂದೂ, ಹೊಡೆದು ಬಡಿದು ಕೋಪವನ್ನು ತೀರಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲವೆಂದೂ ಕಂಡುಬಂದಿತು. ಪ್ರಾಣಾಯಾಮವನ್ನು ಸಂಧ್ಯಾವಂದನೆಯಲ್ಲಿ ಪ್ರತಿದಿನ ಮಾಡುವ ನಾವು ಅದನ್ನು ಕೇವಲ ಮೂಗು ಮುಟ್ಟುವ ಶಾಸ್ತ್ರವನ್ನಾಗಿ ಮಾಡಿಕೊಂಡಿರುವುದು ವಿಷಾದಕರ.

ಎಲ್ಲ ಕೋಪವೂ ರೋಗವಲ್ಲ. ಆದರೆ ಕೋಪದ ಹಿಂದೆ ರೋಗವಿರಬಹುದು. ಖಿನ್ನತೆ, ಅತಿಯಾದ ಆತಂಕ, ಮದ್ಯಪಾನ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ತಲೆಗೆ ಬಿದ್ದ ಪೆಟ್ಟು, ವೃದ್ಧಾಪ್ಯದ ಮರೆವಿನ ಕಾಯಿಲೆ ಇವುಗಳಲ್ಲಿ ಕೋಪವು ಒಂದು ಲಕ್ಷಣವಾಗಿ ಕಾಣಿಸಿಕೊಳ್ಳುವುದುಂಟು. ಶಾಂತಸ್ವಭಾವದವರು ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಅವರನ್ನು ದೂರುವ ಮೊದಲು ವೈದ್ಯರಿಗೆ ತೋರಿಸಬೇಕು.

ನಮ್ಮ ನಾಡಿನಲ್ಲಿರುವ ನೆರವು

ಈ ವಿಷಯದಲ್ಲಿ ನಮ್ಮ ನಾಡು ಭಾಗ್ಯಶಾಲಿ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಸಂಸ್ಥೆಯಾಯಿತು. ಅಲ್ಲಿ ರೋಗಿಯೊಬ್ಬನನ್ನೇ ಅಲ್ಲದೆ ಮನೆಯವರನ್ನೂ ಕೂರಿಸಿ ಮಾತನಾಡಿಸುವ ಕುಟುಂಬ ಚಿಕಿತ್ಸೆಯ ಪದ್ಧತಿ ಇದೆ. ಕೋಪವು ಒಬ್ಬರಲ್ಲಿ ಹುಟ್ಟಿದರೂ ಮನೆಯವರೆಲ್ಲರೂ ಅದನ್ನು ಉಣ್ಣುವುದರಿಂದ ಈ ಪದ್ಧತಿಯು ಯುಕ್ತವಾಗಿದೆ. ಉಡುಪಿಯ ಸಮೀಪದ ಕೋಟ ಗ್ರಾಮದಲ್ಲಿ ಅಧ್ಯಯನ ನಡೆಸಿದ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನಸ್ಸಿನ ಕಷ್ಟಗಳಿಗೆ ಜನರು ವೈದ್ಯರ ಬಳಿಗೂ ಮಂತ್ರವಾದಿಗಳ ಬಳಿಗೂ ಪಾತ್ರಿಗಳ ಬಳಿಗೂ ಹೋಗುತ್ತಿದ್ದುದನ್ನು ದಾಖಲಿಸಿದ್ದಾರೆ. ಜನರು ನೆರವನ್ನು ಹುಡುಕುತ್ತಲೇ ಇದ್ದರು. ನೆರವು ಅವರ ಹತ್ತಿರಕ್ಕೆ ಬರಬೇಕಾಗಿತ್ತು. ಮುಂದೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಬೆಂಗಳೂರಿಗೆ ಹೋಗಲಾಗದವರು ಮನೆಯ ಜಗಲಿಯಲ್ಲಿ ಕುಳಿತೇ ಮೊದಲ ಹೆಜ್ಜೆಯಿಡಬಹುದು. ಹೇಳಿದ್ದು ಹೊರಗೆ ಹರಡುವುದೆಂಬ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿದೆ.

“ದೇವರನ್ನು ನಂಬಿದವರು ಮನೋವೈದ್ಯರಲ್ಲಿಗೆ ಹೋಗುವುದೆ?” ಎಂಬ ಪ್ರಶ್ನೆಗೆ ಉತ್ತರವನ್ನು ದೂರದಲ್ಲಿ ಹುಡುಕಬೇಕಿಲ್ಲ. ಧನ್ವಂತರಿಯು ಸಾಕ್ಷಾತ್ ಶ್ರೀಹರಿಯ ರೂಪ. ವೈದ್ಯನಲ್ಲಿ ನಿಂತು ಚಿಕಿತ್ಸೆ ಮಾಡಿಸುವವನೂ, ರೋಗಿಯಲ್ಲಿ ನಿಂತು ಗುಣಪಡಿಸುವವನೂ ಅವನೇ. ಕಣ್ಣಿಗೆ ಪೊರೆ ಬಂದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ನಾವು ಬುದ್ಧಿಗೆ ಪೊರೆ ಬಂದಾಗ ಹಿಂಜರಿಯಲು ಕಾರಣವಿಲ್ಲ. ಜಪ, ಪಾರಾಯಣಗಳನ್ನು ಬಿಡಬೇಕೆಂದಲ್ಲ. ಚಿಕಿತ್ಸೆಯಿಂದ ತಿಳಿಯಾದ ಮನಸ್ಸಿನಲ್ಲಿ ಜಪವು ಚೆನ್ನಾಗಿ ನಿಲ್ಲುತ್ತದೆ.

ಮನೆಯವರಿಗೆ ಎರಡು ಮಾತು

ಕೋಪಿಷ್ಠರ ಜೊತೆಯಲ್ಲಿ ಬಾಳುವವರು ಎಲ್ಲವನ್ನೂ ನುಂಗಿಕೊಂಡಿರಬೇಕೆಂಬುದು ಕ್ಷಮೆಯ ಅರ್ಥವಲ್ಲ. ಕೈಯೆತ್ತುವ ಮಟ್ಟಕ್ಕೆ ಕೋಪವು ಹೋದರೆ ಮೊದಲು ಆಗಬೇಕಾದುದು ರಕ್ಷಣೆ, ಚಿಕಿತ್ಸೆ ಆಮೇಲಿನದು. ಅಂಥ ಗಳಿಗೆಯಲ್ಲಿ 112ಕ್ಕೂ, ಮಹಿಳೆಯರು 181ಕ್ಕೂ, ಮಕ್ಕಳ ಸಲುವಾಗಿ 1098ಕ್ಕೂ ಕರೆ ಮಾಡಬಹುದು. ಇದರಿಂದ ಮನೆತನದ ಮಾನ ಹೋಗುವುದಿಲ್ಲ. ಮಾನ ಹೋಗುವುದು ಹೊಡೆತದಿಂದ. ಉಗ್ರನರಸಿಂಹನ ಮುಂದೆ ನಿಲ್ಲಲು ಪ್ರಹ್ಲಾದನಿಗೆ ಭಗವದನುಗ್ರಹವಿತ್ತು. ತಂದೆಯ ಕೋಪವನ್ನು ತಣಿಸುವ ಭಾರವನ್ನು ನಮ್ಮ ಮನೆಯ ಮಗುವಿನ ಹೆಗಲಿಗೆ ಹೊರಿಸಬಾರದು. ಅದು ದೊಡ್ಡವರ ಕೆಲಸ, ಎಲ್ಲಕ್ಕಿಂತ ಮೊದಲು ಕೋಪಗೊಂಡವನ ಕೆಲಸ.

ಕೋಪವು ಒಂದೇ ದಿನದಲ್ಲಿ ಹೋಗುವಂಥದಲ್ಲ. ವಾರ ವಾರವೂ ಮಾತನಾಡಿ, ಬರೆದು, ಜಾರಿ, ಮತ್ತೆ ಎದ್ದು ಸಾಧಿಸಬೇಕಾದುದು. ಲಂಕಾದಹನದ ತರುವಾಯ ಹನುಮಂತದೇವರು, ಸೀತಾದೇವಿಗೆ ಏನಾಯಿತೋ ಎಂದು ಚಿಂತಿಸಿ ಕೋಪದ ದೋಷಗಳನ್ನು ಎಣಿಸಿದರೆಂದು ರಾಮಾಯಣವು ಹೇಳುತ್ತದೆ. ಮುಖ್ಯಪ್ರಾಣದೇವರಿಗೆ ಅಜ್ಞಾನವೂ ಇಲ್ಲ, ಕ್ರೋಧದ ವಶವಾಗುವುದೂ ಇಲ್ಲ. ಕಾರ್ಯ ಮುಗಿದ ಮೇಲೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕೆಂದು ನಮಗೆ ಕಲಿಸಲು ಅವರು ಹಾಗೆ ತೋರಿಸಿದರು. ಈ ನೃಸಿಂಹ ಜಯಂತಿಯಂದು ಉಪವಾಸದ ಸಂಕಲ್ಪದ ಜೊತೆಗೆ ಇನ್ನೊಂದು ಸಂಕಲ್ಪವನ್ನೂ ಮಾಡೋಣ. ಆ ದಿನ ಹಸಿವಿರುತ್ತದೆ, ದಣಿವಿರುತ್ತದೆ, ಪೂಜೆಯ ಗಡಿಬಿಡಿ ಇರುತ್ತದೆ. ಪರೀಕ್ಷಿತನನ್ನು ಕೆಡಿಸಿದ ಸಾಮಗ್ರಿಗಳೆಲ್ಲವೂ ಸಿದ್ಧವಾಗಿರುತ್ತವೆ. ಅಂದು ಸಂಜೆಯ ಮಂಗಳಾರತಿಯವರೆಗೆ ಮನೆಯಲ್ಲಿ ಯಾರ ಮೇಲೂ ದನಿಯೇರಿಸದೆ ಇರೋಣ. ಅದು ಸಾಧ್ಯವಾಗದಿದ್ದರೆ, ಮರುದಿನ ಪಾರಣೆಯಾದ ಮೇಲೆ ನಾಚಿಕೆಯಿಲ್ಲದೆ ನೆರವನ್ನು ಕೇಳೋಣ.

ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಲಕ್ಷ್ಮೀನೃಸಿಂಹನು ನಮ್ಮೆಲ್ಲರ ಮನೆಗಳಲ್ಲಿ ಮಕ್ಕಳ ಭಯವನ್ನೂ ಹಿರಿಯರ ಕ್ರೋಧವನ್ನೂ ಪರಿಹರಿಸಿ ಸನ್ಮಂಗಳವನ್ನು ಉಂಟುಮಾಡಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥